ಲೆಕ್ಕ ಕೇಳಿದ್ದಕ್ಕೆ ಕೋರಹನ ಪ್ರಸಂಗ! ನಿಮ್ಮ ಸಭೆಯಲ್ಲಿ ಕೊನೆ ಮಾತು ಯಾರದು?

ಬೆಣ್ಣೆದೋಸೆ_87
ಎಲ್ಲರಿಗೂ ವಂದನೆ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನಮ್ಮದು ದಾವಣಗೆರೆ ಕಡೆಯ ಸಣ್ಣ ಊರು. ಯಾವ ಮಿಷನ್‌ಗೂ ಸೇರದ ಸ್ವತಂತ್ರ ಕ್ರೈಸ್ತ ಸಭೆ, ಎಪ್ಪತ್ತು ಎಂಬತ್ತು ಜನ ಬರುತ್ತಾರೆ. ಶುರುವಾದಾಗ ಒಂದು ಶೀಟಿನ ಮನೆ, ಚಾಪೆ, ಡೋಲಕ್, ಅಷ್ಟೇ. ಆಗಿನಿಂದ ನಮ್ಮಪ್ಪ ಸಭಾ ಹಿರಿಯರು. ಲೆಕ್ಕ ಬರೆಯುವವರೂ ಅವರೇ. ಆರಾಧನೆ ಮುಗಿದ ಮೇಲೆ ಮೇಜಿನ ಮೇಲೆ ಕಾಣಿಕೆ ಚೀಲ ಸುರಿಯುತ್ತಿದ್ದರು. ಅಪ್ಪ ಮತ್ತು ಇನ್ನೊಬ್ಬ ಹಿರಿಯರು ನೋಟು ಎಣಿಸಬೇಕು, ನಾನು ಚಿಲ್ಲರೆಯನ್ನು ಹತ್ತತ್ತರಂತೆ ಪೇರಿಸಬೇಕು. ಕೆಂಪು ಬೈಂಡಿನ ಪುಸ್ತಕದಲ್ಲಿ ಇಬ್ಬರ ಸಹಿ. ಆಮೇಲೆ ಬಾಗಿಲ ಪಕ್ಕದ ಕರಿಹಲಗೆ ಮೇಲೆ ಬರೆಯುತ್ತಿದ್ದರು: ಹಾಜರಿ 64, ಕಾಣಿಕೆ 1,215. ಚಪ್ಪಲಿ ಹಾಕಿಕೊಳ್ಳುವಾಗ ಎಲ್ಲರೂ ಅದನ್ನು ಓದಿಯೇ ಹೋಗಬೇಕು.

ಅಪ್ಪ ಈಗಿಲ್ಲ. ಅವರಾದ ಮೇಲೆ ಲೆಕ್ಕ ಪಾಸ್ಟರ್ ಭಾಮೈದನ ಕೈಗೆ ಹೋಯಿತು. ಹಲಗೆ ಮೇಲೆ ಈಗ ಬರೀ ವಚನ ಬರೆಯುತ್ತಾರೆ. ಹೊಸದಾಗಿ ಕ್ಯೂಆರ್ ಕೋಡ್ ಅಂಟಿಸಿದ್ದಾರೆ. ಕಳೆದ ತಿಂಗಳು ಊರಿಗೆ ಹೋದಾಗ ಸ್ಕ್ಯಾನ್ ಮಾಡಿದೆ. ಸಭೆಯ ಹೆಸರು ಬರಲಿಲ್ಲ. ಪಾಸ್ಟರಮ್ಮನ ಹೆಸರು ಬಂತು.

ಆರಾಧನೆ ಆದ ಮೇಲೆ ಪಾಸ್ಟರ್ ಹತ್ತಿರ ಒಬ್ಬನೇ ಹೋಗಿ ಕೇಳಿದೆ. ಜಗಳ ಮಾಡಲಿಲ್ಲ. 'ಅಯ್ಯನವರೇ, ಕಟ್ಟಡ ನಿಧಿ ಲೆಕ್ಕ ಒಂದ್ಸಲ ಓದಿ ಹೇಳಬಹುದಾ' ಅಂದೆ. 'ಅಭಿಷಿಕ್ತರನ್ನು, ಅಂದರೆ ದೇವರು ನೇಮಿಸಿದವರನ್ನು, ಮುಟ್ಟಬೇಡಿರಿ ಅಂತ ಬರೆದಿದೆ, ಗೊತ್ತಲ್ಲ?' ಅಂದರು. ಮುಂದಿನ ಭಾನುವಾರದ ಪ್ರಸಂಗ ಏನು ಹೇಳಿ? ಬೈಬಲಿನ ಅರಣ್ಯಕಾಂಡ 16. ಇಸ್ರಾಯೇಲರ ನಾಯಕ ಮೋಶೆಗೆ ತಿರುಗಿಬಿದ್ದ ಕೋರಹನನ್ನು ಭೂಮಿ ಬಾಯ್ದೆರೆದು ನುಂಗಿದ್ದು. ಅಮ್ಮ ಎರಡನೇ ಸಾಲಿನಲ್ಲಿ ಕೂತಿದ್ದರು. ಮನೆಗೆ ಬಂದು ಊಟ ಮಾಡಲಿಲ್ಲ. 'ಹೋಗಿ ಕ್ಷಮೆ ಕೇಳು' ಅಂತ ದಿನಾ ಫೋನ್.

ಲೆಕ್ಕ ಕೇಳುವುದು ತಪ್ಪಾ? ನಿಮ್ಮ ಸಭೆಗಳಲ್ಲಿ ಹೇಗೆ? ಅಮ್ಮನಿಗೆ ಏನು ಹೇಳಲಿ?

ಮಂದೆಯ ಕುರಿ
ತಪ್ಪಲ್ಲ. ಮುಂದಿನ ಪ್ರಶ್ನೆ.

ಹಾರ್ಮೋನಿಯಂ ಮೇಷ್ಟ್ರು
ತಮ್ಮಾ, ಅದೇ ಅಧ್ಯಾಯದ 15ನೇ ವಚನ ಅಮ್ಮನಿಗೆ ಓದಿ ಹೇಳು. ಅಲ್ಲಿ ಮೋಶೆ ಸಿಟ್ಟಾಗಿ ದೇವರಿಗೆ ಹೇಳುವುದೇನು? ಇವರಿಂದ ಒಂದು ಕತ್ತೆಯನ್ನೂ ತಗೊಂಡಿಲ್ಲ ಅಂತ! ಕೋರಹನ ಕಥೆ ಹೇಳುವವರು ಈ ಕತ್ತೆಯನ್ನು ಯಾವಾಗಲೂ ಬಿಟ್ಟುಬಿಡುತ್ತಾರೆ.

ಇನ್ನೊಂದು, 1 ಸಮುವೇಲ 12. ಮುದುಕ ಪ್ರವಾದಿ ಸಮುವೇಲ ಜನರ ಮುಂದೆ ನಿಂತು, ಯಾರ ಎತ್ತು ತಗೊಂಡೆ, ಯಾರ ಕತ್ತೆ ತಗೊಂಡೆ, ಯಾರಿಂದ ಲಂಚ ತಿಂದೆ ಹೇಳಿ, ಇದ್ದರೆ ಹಿಂದಕ್ಕೆ ಕೊಡುತ್ತೇನೆ ಅನ್ನುತ್ತಾನೆ. ಯಾರೂ ಕೇಳಿರಲಿಲ್ಲ, ತಾನಾಗಿಯೇ ಲೆಕ್ಕ ಒಪ್ಪಿಸಿದ. ಅವನಿಗಿಂತ ದೊಡ್ಡ ದೇವರ ಸೇವಕ ಯಾರಿದ್ದರು ಆಗ?

ಸ್ತೋತ್ರಗಾನ
ಮೇಷ್ಟ್ರೇ, ಆದರೆ ಇಬ್ರಿಯ 13:17? ನಾಯಕರ ಮಾತು ಕೇಳಿ, ಅಧೀನರಾಗಿರಿ ಅಂತ ನೇರವಾಗಿ ಇದೆ. ಎಲ್ಲದಕ್ಕೂ ಪ್ರಶ್ನೆ ಹಾಕುವ ಕಾಲ ಇದು. ಪಾಸ್ಟರ್ ಮಧ್ಯರಾತ್ರಿ ಆಸ್ಪತ್ರೆಗೆ ಬಂದು ಪ್ರಾರ್ಥನೆ ಮಾಡಿದಾಗ ಯಾರೂ ಬಿಲ್ ಕೇಳಲ್ಲ. ಕಾಣಿಕೆ ಕೊಟ್ಟ ಮೇಲೆ ಅದು ದೇವರದು. ಕೊಟ್ಟ ಕೈಯಲ್ಲೇ ದಾರ ಕಟ್ಟಿ ಎಳೆಯುವುದು ಕಾಣಿಕೆ ಅಲ್ಲ.

ಹಾರ್ಮೋನಿಯಂ ಮೇಷ್ಟ್ರು
ಆ ವಚನ ಅರ್ಧಕ್ಕೇ ನಿಲ್ಲಿಸಿದಿರಿ. ಲೆಕ್ಕ ಒಪ್ಪಿಸಬೇಕಾದವರಾಗಿ ನಿಮ್ಮ ಆತ್ಮಗಳನ್ನು ಕಾಯುತ್ತಾರೆ ಅಂತಲೂ ಅದರಲ್ಲೇ ಇದೆ.

ಸ್ತೋತ್ರಗಾನ
ಅದು ದೇವರಿಗೆ ಒಪ್ಪಿಸುವ ಲೆಕ್ಕ. ದಾವಣಗೆರೆಯಿಂದ ಬಂದವರಿಗೆ ಅಲ್ಲ.

ಮಂದೆಯ ಕುರಿ
ಹಾಗಾದರೆ ದೇವರ ಯುಪಿಐ ಐಡಿ ಅಂಟಿಸಬೇಕಿತ್ತು.

ಕಾರ್ಕಳದ ವಾಳೆ
😂😂

ನಾನು ಕೆಥೊಲಿಕ್. ನಮ್ಮಲ್ಲಿ ಪಾಸ್ಟರಮ್ಮನ ಖಾತೆಯ ಸಮಸ್ಯೆಯಂತೂ ಇಲ್ಲ, ಕಾರಣ ಎಲ್ಲರಿಗೂ ಗೊತ್ತು, ಫಾದರಿಗೆ ಮದುವೆ ಇಲ್ಲ. ಇಲ್ಲಿ ಚರ್ಚಿನ ಊರನ್ನು ವಾಳೆಗಳಾಗಿ ಹಂಚಿರುತ್ತಾರೆ. ಒಂದೊಂದು ವಾಳೆಗೆ ಒಬ್ಬ ಗುರಿಕಾರ. ನನ್ನ ಅಜ್ಜ ಗುರಿಕಾರರಾಗಿದ್ದರು. ಆಗ ಗುರಿಕಾರ ಅಂದರೆ ಗತ್ತು. ಮದುವೆ ಮಾತುಕತೆ, ಗಡಿ ಜಗಳ, ಗಂಡ ಹೆಂಡತಿ ಜಗಳ ಎಲ್ಲದಕ್ಕೂ ಮೊದಲು ಅವರ ಚಾವಡಿ. ಈಗ ಗುರಿಕಾರ ಅಂದರೆ ವಾಟ್ಸಾಪ್ ಗುಂಪಿನಲ್ಲಿ ಮೆಸೇಜ್ ಹಾಕುವವರು, ವಂತಿಗೆ ಪುಸ್ತಕ ಹಿಡಿದು ಮನೆಮನೆ ತಿರುಗುವವರು. ಯಾರೂ ಒಪ್ಪಲ್ಲ. ನಮ್ಮ ವಾಳೆಯಲ್ಲಿ ಮೂರು ವರ್ಷದಿಂದ ಒಬ್ಬರೇ, 'ನನ್ನನ್ನು ಬಿಡಿ ಮಾರಾಯ್ರೆ' ಅಂತ ಕೈ ಮುಗಿಯುತ್ತಿದ್ದಾರೆ.

ಇದಲ್ಲದೆ ಪಾಲನಾ ಮಂಡಳಿ ಇದೆ. ಉಪಾಧ್ಯಕ್ಷ, ಕಾರ್ಯದರ್ಶಿ, ಆಯೋಗಗಳು, ಫೋಟೋಗೆ ಹದಿನೈದು ಜನ. ಅಧ್ಯಕ್ಷ ಯಾರು? ಫಾದರ್. 1983ರ ಕೆಥೊಲಿಕ್ ಧರ್ಮಸಂಹಿತೆ ಪ್ರಕಾರ ಪ್ರತಿ ಚರ್ಚಿಗೂ ಹಣಕಾಸು ಸಮಿತಿ ಇರಲೇಬೇಕು. ಆದರೆ ಪಾಲನಾ ಮಂಡಳಿ ಕೊಡುವುದು ಬರೀ ಸಲಹೆ. ನಾವು ಹದಿನೈದು ಜನ 'ಹೂಂ' ಅಂದರೂ ಫಾದರ್ 'ಊಹೂಂ' ಅಂದರೆ ಮುಗೀತು.

ಬಳ್ಳಾರಿ ಬಿಸಿಲು
ಆದರೂ ನಿಮ್ಮಲ್ಲಿ ಆರೇಳು ವರ್ಷಕ್ಕೆ ವರ್ಗಾವಣೆ ಆಗುತ್ತದಲ್ವಾ. ನಮ್ಮ ಕಡೆ ಸ್ವತಂತ್ರ ಸಭೆಗಳಲ್ಲಿ ವರ್ಗಾವಣೆ ನೇರ ಪರಲೋಕಕ್ಕೇ.

ಕಾರ್ಕಳದ ವಾಳೆ
ಹೌದು, ಅದೊಂದು ಪುಣ್ಯ. ಒಳ್ಳೆಯವರು ಹೋಗುವಾಗ ಅಳುತ್ತೇವೆ, ಉಳಿದವರು ಹೋಗುವಾಗ ದೊಡ್ಡ ಹಾರ ಹಾಕುತ್ತೇವೆ.

ಕಪ್ಪು ಕೋಟು
ವಚನ ನನಗೆ ಅಷ್ಟು ಬರಲ್ಲ. ಕಾಗದದ ವಿಷಯ ಹೇಳುತ್ತೇನೆ.

ಮೊದಲು ನಿಮ್ಮ ಸಭೆ ಕಾನೂನಿನ ಕಣ್ಣಿಗೆ ಏನು ಅಂತ ತಿಳಿದುಕೊಳ್ಳಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ಸಂಘವಾಗಿದ್ದರೆ ಪ್ರತಿ ವರ್ಷ ಸರ್ವಸದಸ್ಯರ ಸಭೆ ಕರೆಯಬೇಕು, ಲೆಕ್ಕಪತ್ರ ಇಡಬೇಕು. ಟ್ರಸ್ಟ್ ಆಗಿದ್ದರೆ ಟ್ರಸ್ಟ್ ಡೀಡ್ ಇರುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಿದ್ದರೆ ನಕಲು ಸಿಗುತ್ತದೆ. ಎರಡೂ ಅಲ್ಲದಿದ್ದರೆ ಕಷ್ಟ. ಸೈಟು ಯಾರ ಹೆಸರಲ್ಲಿದೆ? ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ. ಪಾಸ್ಟರ್ ಸ್ವಂತ ಹೆಸರಲ್ಲಿದ್ದರೆ ಅವರ ನಂತರ ಅದು ಹೋಗುವುದು ಅವರ ವಾರಸುದಾರರಿಗೆ, ಸಭೆಗೆ ಅಲ್ಲ. ಅವರು ಪ್ರಾಮಾಣಿಕರೇ ಇರಬಹುದು. ಮಕ್ಕಳು, ಅಳಿಯಂದಿರು?

ಸಾರ್ವಜನಿಕ ಧಾರ್ಮಿಕ ಟ್ರಸ್ಟ್ ಅಂತಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಂ ಇದೆ. ಹಿತಾಸಕ್ತಿ ಇರುವ ಇಬ್ಬರು ಅಥವಾ ಹೆಚ್ಚು ಜನ ಕೋರ್ಟಿನ ಅನುಮತಿ ಪಡೆದು ಲೆಕ್ಕ ಕೇಳಿ ದಾವೆ ಹಾಕಬಹುದು. ಆದರೆ ಅದು ಕೊನೆಯ ಮೆಟ್ಟಿಲು. ವರ್ಷಗಟ್ಟಲೆ ಎಳೆಯುತ್ತದೆ.

ಸ್ತೋತ್ರಗಾನ
1 ಕೊರಿಂಥ 6 ಓದಿ ಲಾಯರ್ ಸಾಹೇಬರೇ. ಸಹೋದರ ಸಹೋದರನ ಮೇಲೆ ಕೋರ್ಟಿಗೆ ಹೋಗಬಾರದು.

ಕಪ್ಪು ಕೋಟು
ಓದಿದ್ದೇನೆ. ನಿಮ್ಮೊಳಗೆ ತೀರಿಸುವ ಬುದ್ಧಿವಂತ ಒಬ್ಬನೂ ಇಲ್ಲವೇ ಅಂತ ಪೌಲ ಅಲ್ಲೇ ಕೇಳಿದ್ದಾನೆ. ಆ ಒಬ್ಬನನ್ನು ಹುಡುಕಿ ಕೊಡಿ, ನಾನು ಕೋಟು ಬಿಚ್ಚಿಡುತ್ತೇನೆ.

ಜೆಪ್ಪು ಹೆಂಚು
ಇದಕ್ಕೇ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಒಳ್ಳೆಯದು ಅನ್ನೋದು. ಆಸ್ತಿ ಯಾವ ಅಯ್ಯನವರ ಹೆಸರಲ್ಲೂ ಇಲ್ಲ, ಬಿಷಪ್ ಹೆಸರಲ್ಲೂ ಇಲ್ಲ. ಸಿಎಸ್‌ಐ ಟ್ರಸ್ಟ್ ಅಸೋಸಿಯೇಷನ್ ಹೆಸರಲ್ಲಿ ಇರುತ್ತದೆ. ಬಿಷಪ್ ಇದ್ದಾರೆ, ಆದರೆ ಸಂವಿಧಾನ ಇದೆ, ಕೌನ್ಸಿಲ್ ಇದೆ, ಎಲ್ಲಕ್ಕೂ ಮೇಲಿನ ಮಂಡಳಿಯಾಗಿ ಸಿನೊಡ್ ಇದೆ. 1947ರ ಆಗಸ್ಟ್‌ನಲ್ಲಿ ದೇಶದ ಜೊತೆ ನಮ್ಮ ಸಭೆಯೂ ಸ್ವತಂತ್ರ ಆಯಿತು.

ಹಳೇ ರೆಕಾರ್ಡು
ಆಗಸ್ಟ್ ಅಲ್ಲ, ಸೆಪ್ಟೆಂಬರ್ 27. ಮದ್ರಾಸಿನ ಸೇಂಟ್ ಜಾರ್ಜ್ ಕಥೀಡ್ರಲ್‌ನಲ್ಲಿ. ಅಷ್ಟು ಸುಲಭವಾಗಿಯೂ ಆಗಲಿಲ್ಲ. ಮಾತುಕತೆ ಶುರುವಾಗಿದ್ದು 1919ರಲ್ಲಿ ತರಂಗಂಬಾಡಿಯಲ್ಲಿ. 28 ವರ್ಷ ಜಗ್ಗಾಡಿದ್ದು ಮುಖ್ಯವಾಗಿ ಈ ಥ್ರೆಡ್ಡಿನ ಪ್ರಶ್ನೆಗೇ: ಅಧಿಕಾರ ಯಾರದು? ಆಂಗ್ಲಿಕನ್ನರು ಬಿಷಪ್ ಇಲ್ಲದೆ ಸಭೆ ಹೇಗೆ ಅಂದರು. ಪ್ರೆಸ್ಬಿಟೀರಿಯನ್ನರು ಹಿರಿಯರ ಮಂಡಳಿ ಬೇಕು ಅಂದರು. ಕಾಂಗ್ರಿಗೇಷನಲ್ ಸಭೆಗಳು, ಕೊನೆ ಮಾತು ಸ್ಥಳೀಯ ಸಭೆಯದು ಅಂದವು. ಮೆಥಡಿಸ್ಟರೂ ಜೊತೆಗಿದ್ದರು. ಕೊನೆಗೆ ಎಲ್ಲರದ್ದೂ ಸ್ವಲ್ಪ ಸ್ವಲ್ಪ ಸೇರಿಸಿ ಬಿಸಿಬೇಳೆ ಬಾತ್ ಮಾಡಿದರು. ಬಿಷಪ್ ಇರಲಿ, ಆದರೆ ಚುನಾಯಿತರಾಗಿ ಬರಲಿ, ನಿಯಮಕ್ಕೆ ಒಳಪಟ್ಟಿರಲಿ ಅಂತ.

ಬಳ್ಳಾರಿ ಬಿಸಿಲು
ಬಿಸಿಬೇಳೆ ಬಾತ್ ಚೆನ್ನಾಗಿದೆ, ಆದರೆ ತಳ ಹಿಡಿದಿದೆ. 2024ರಲ್ಲಿ ಮದ್ರಾಸ್ ಹೈಕೋರ್ಟು ಸಿನೊಡ್ ಆಡಳಿತಕ್ಕೆ ಇಬ್ಬರು ನಿವೃತ್ತ ನ್ಯಾಯಮೂರ್ತಿಗಳನ್ನು ಹಾಕಿತಲ್ಲ? ಸಂವಿಧಾನ ಇದ್ದರೆ ಸಾಕು ಅನ್ನೋರಿಗೆ ಹೇಳಿದ್ದು.

ಜೆಪ್ಪು ಹೆಂಚು
ಮಾಡರೇಟರ್ ಎಲ್ಲಿದ್ದಾರೆ? ಇವರನ್ನು ಸ್ವಲ್ಪ ನೋಡಿಕೊಳ್ಳಿ.

ಮಂದೆಯ ಕುರಿ
ಯಾವ ಮಾಡರೇಟರ್? ಸಿಎಸ್‌ಐ ಮುಖ್ಯಸ್ಥರಿಗೂ ಅದೇ ಹೆಸರು. ಸಿಎಸ್‌ಐದೋ ಈ ವೇದಿಕೆಯದೋ?

ನಿರ್ವಾಹಕ
ವೇದಿಕೆಯವನು ಇಲ್ಲೇ ಇದ್ದೇನೆ. ಯಾರ ಹೆಸರೂ ಊರ ಗುರುತೂ ಬರೆಯದೆ ಮುಂದುವರಿಸಿ. ಬೆಣ್ಣೆದೋಸೆಯವರೇ, ನೀವೂ.

ಅಯ್ಯನವರ ಮಗಳು
ಎಲ್ಲ ಓದಿದೆ. ಒಬ್ಬರಾದರೂ ಮೇಜಿನ ಆ ಕಡೆಯಿಂದ ಬರೆಯಲಿ ಅಂತ ಬರೆಯುತ್ತಿದ್ದೇನೆ.

ನಮ್ಮ ತಂದೆ ಸಭಾಪಾಲಕರು, ಈಗ ನಿವೃತ್ತರು. ನಾನು ಐದು ಶಾಲೆಗಳಲ್ಲಿ ಓದಿದವಳು. ಮೇ ತಿಂಗಳು ಬಂತೆಂದರೆ ವರ್ಗಾವಣೆ ಆದೇಶ, ಲಾರಿ, ಮತ್ತೆ ಹೊಸ ಊರು. ಎಲ್ಲ ಊರಿನಲ್ಲೂ ಒಂದು ಕಮಿಟಿ. ಒಂದು ಊರಿನ ಸಭಾಪಾಲಕರ ಮನೆ ಹಿತ್ತಲಲ್ಲಿ ಸೀಬೆ ಮರ ಇತ್ತು. ನಾನೂ ತಮ್ಮನೂ ಹಣ್ಣು ಕಿತ್ತು ತಿಂದೆವು, ನಾಲ್ಕು ಪಕ್ಕದ ಮನೆಯವರಿಗೆ ಕೊಟ್ಟೆವು. ಮುಂದಿನ ಕಮಿಟಿಯಲ್ಲಿ ಕಾರ್ಯದರ್ಶಿ ಎದ್ದು ನಿಂತು, 'ಸೀಬೆ ಮರ ಸಭೆಯ ಆಸ್ತಿ, ಹಣ್ಣಿನ ಲೆಕ್ಕ ಬೇಕು' ಅಂದರು. ಅಪ್ಪ ಮನೆಗೆ ಬಂದು ಏನೂ ಹೇಳಲಿಲ್ಲ. ಅಮ್ಮನಿಗೆ ಬೇರೆಯವರಿಂದ ಗೊತ್ತಾಯಿತು. ಆಮೇಲೆ ನಾವು ಆ ಮರದ ಕೆಳಗೆ ಆಡಲಿಲ್ಲ. ಹಣ್ಣು ಬಾವಲಿ ತಿಂದು ಬಿದ್ದಿರುತ್ತಿತ್ತು. ಅದೇ ವರ್ಷ ಅಪ್ಪನ ಸಂಬಳ ಮೂರು ತಿಂಗಳು ತಡವಾಯಿತು. ಆ ಲೆಕ್ಕ ಯಾರೂ ಕೇಳಲಿಲ್ಲ.

ಹಾಗಾಗಿ 'ಕಮಿಟಿ ಇದ್ದರೆ ಸರಿಹೋಗುತ್ತದೆ' ಅನ್ನೋರಿಗೆ ನನ್ನ ನಮಸ್ಕಾರ. ಕಮಿಟಿಗೆ ಬರುವುದು ಊರಲ್ಲಿ ದುಡ್ಡಿದ್ದವರು, ದನಿ ಇದ್ದವರು. ಅವರಿಗೆ ಸಭಾಪಾಲಕ ಅಂದರೆ ಸಂಬಳದ ಆಳು.

ಪಾಸ್ಟರಮ್ಮನ ಹೆಸರಿನ ಕ್ಯೂಆರ್ ತಪ್ಪು. ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಪಾಸ್ಟರಿಗೆ ಸಂಬಳ ಅಂತ ಎಷ್ಟು ಕೊಡುತ್ತಿದ್ದೀರಿ? ಅದನ್ನು ಬರೆಯಲೇ ಇಲ್ಲ ನೀವು.

ಬೆಣ್ಣೆದೋಸೆ_87
ಅಕ್ಕ, ನಿಮ್ಮ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ನಿಜ ಹೇಳಬೇಕಂದರೆ ಗೊತ್ತಿಲ್ಲ. ಅಪ್ಪ ಇದ್ದಾಗ ತಿಂಗಳಿಗೆ ಎಂಟು ಸಾವಿರ ಅಂತ ನೆನಪು. ಅಕ್ಕಿ, ಬೇಳೆ ಮನೆಮನೆಯಿಂದ ಹೋಗುತ್ತಿತ್ತು. ಈಗ ಎಷ್ಟು ಅಂತ ಕೇಳಿಲ್ಲ.

ಹಾರ್ಮೋನಿಯಂ ಮೇಷ್ಟ್ರು
ಮಗಳೇ, ನೀನು ಹೇಳಿದ್ದು 1 ತಿಮೊಥೆ 5ರಲ್ಲಿ ಇದೆ. ಚೆನ್ನಾಗಿ ನಡೆಸುವ ಹಿರಿಯರು ಇಮ್ಮಡಿ ಮಾನಕ್ಕೆ ಯೋಗ್ಯರು, ಕಣ ತುಳಿಯುವ ಎತ್ತಿನ ಬಾಯಿ ಕಟ್ಟಬೇಡ. ಅದರ ಬೆನ್ನಿಗೇ ಹಿರಿಯನ ಮೇಲೆ ದೂರು ಬಂದರೆ ಇಬ್ಬರು ಮೂವರು ಸಾಕ್ಷಿ ಇರಲಿ, ತಪ್ಪು ಮಾಡಿದವರನ್ನು ಎಲ್ಲರ ಮುಂದೆ ಗದರಿಸು ಅಂತ ಇದೆ. ಸಂಬಳ ಕೊಡದೆ ಲೆಕ್ಕ ಕೇಳುವವರೂ, ಸಂಬಳ ತಗೊಂಡು ಲೆಕ್ಕ ಕೊಡದವರೂ ಅದೇ ಅಧ್ಯಾಯದಲ್ಲಿ ಸಿಕ್ಕಿಬೀಳುತ್ತಾರೆ.

ರೊಟ್ಟಿ ಮುರಿಯುವವ
ಸರಳ ಉತ್ತರ: ಪಾಸ್ಟರೇ ಬೇಡ. ನಮ್ಮದು ಬ್ರದರನ್ ಸಭೆ. ನಡುವೆ ಮೇಜು, ಮೇಜಿನ ಮೇಲೆ ರೊಟ್ಟಿ ಮತ್ತು ಪಾತ್ರೆ. ಸುತ್ತ ಕೂರುತ್ತೇವೆ. ಪುಲ್ಪಿಟ್ ಒಡೆಯ ಅಂತ ಯಾರೂ ಇಲ್ಲ. ಯಾರಿಗೆ ಪ್ರೇರಣೆ ಆಗುತ್ತದೋ ಅವರು ಹಾಡು ಹೇಳುತ್ತಾರೆ, ಪ್ರಾರ್ಥಿಸುತ್ತಾರೆ. ಮತ್ತಾಯ 23ರಲ್ಲಿ ಯೇಸು ಹೇಳಿದ್ದೇ ಅದು, ನೀವೆಲ್ಲರೂ ಸಹೋದರರು. ಅಪೊಸ್ತಲರ ಕೃತ್ಯ 20 ನೋಡಿ, ಎಫೆಸದ 'ಹಿರಿಯರನ್ನು' ಕರೆಸಿ ಅವರನ್ನೇ 'ಅಧ್ಯಕ್ಷರು' ಅನ್ನುತ್ತಾನೆ ಪೌಲ. ಎರಡೂ ಒಂದೇ, ಮತ್ತು ಯಾವಾಗಲೂ ಬಹುವಚನ. ಒಬ್ಬನೇ ಪಾಸ್ಟರ್ ಅನ್ನುವುದು ಆಮೇಲೆ ಬಂದದ್ದು.

ಮಂದೆಯ ಕುರಿ
ಅಣ್ಣಾ, ನಾನೂ ಬ್ರದರನ್ ಮನೆಯಲ್ಲೇ ಬೆಳೆದವನು. ನಮ್ಮಲ್ಲಿ ಪೋಪ್ ಇರಲಿಲ್ಲ, ನಿಜ. ದೊಡ್ಡಪ್ಪ ಇದ್ದರು. ಅವರು ಕೆಮ್ಮಿದರೆ ಪ್ರಾರ್ಥನೆ ಮುಗಿಸಬೇಕು ಅಂತ ಅರ್ಥ.

ರೊಟ್ಟಿ ಮುರಿಯುವವ
...ನಮ್ಮಲ್ಲಿ ಗಡಿಯಾರ ನೋಡುತ್ತಾರೆ. ಮುಂದೆ ಹೋಗೋಣ.

ಕಾರ್ಕಳದ ವಾಳೆ
'ಆಮೇಲೆ ಬಂದದ್ದು' ಅಂದರೆ ಎಷ್ಟು ಆಮೇಲೆ? ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್ ರೋಮಿಗೆ ಕೈದಿಯಾಗಿ ಹೋಗುತ್ತಾ ಪತ್ರ ಬರೆದದ್ದು ಸುಮಾರು 110ರಲ್ಲಿ. ಬಿಷಪ್ ಇಲ್ಲದೆ ಸಭೆಯ ಯಾವ ಕೆಲಸವೂ ಬೇಡ ಅಂತ ಆಗಲೇ ಹೇಳುತ್ತಾರೆ. ಯೋಹಾನ ಅಪೊಸ್ತಲ ಹೋಗಿ ಇನ್ನೂ ಹೆಚ್ಚು ಕಾಲ ಆಗಿರಲಿಲ್ಲ.

ಹಳೇ ರೆಕಾರ್ಡು
ಅದೇ ಸುಮಾರು ಕಾಲದ ಇನ್ನೊಂದು ಹಳೆಯ ಕೈಪಿಡಿ ಇದೆ, ದಿದಾಖೆ ಅಂತ. 1873ರಲ್ಲಿ ಇಸ್ತಾಂಬುಲ್‌ನಲ್ಲಿ ಹಸ್ತಪ್ರತಿ ಸಿಕ್ಕಿತು. ಅದರಲ್ಲಿ ಊರೂರು ತಿರುಗುವ ಪ್ರವಾದಿಗಳಿಗೆ ನಿಯಮ ಇದೆ. ಮನೆಗೆ ಬಂದವನು ಒಂದು ದಿನ ಇರಲಿ, ಬೇಕಾದರೆ ಎರಡು ದಿನ. ಮೂರು ದಿನ ಕೂತರೆ ಸುಳ್ಳು ಪ್ರವಾದಿ. ಹೊರಡುವಾಗ ದುಡ್ಡು ಕೇಳಿದರೂ ಸುಳ್ಳು ಪ್ರವಾದಿ. ಬಿಷಪ್ಪರನ್ನು ನೀವೇ ಆರಿಸಿಕೊಳ್ಳಿ, ದುಡ್ಡಿನ ಆಸೆ ಇಲ್ಲದವರನ್ನು, ಅಂತಲೂ ಇದೆ. ಅಂದರೆ ಆ ಕಾಲದಲ್ಲೇ ಎರಡೂ ದನಿ ಇತ್ತು.

ಬಳ್ಳಾರಿ ಬಿಸಿಲು
ಮೂರು ದಿನದ ನಿಯಮ ನೆಂಟರಿಗೂ ಅನ್ವಯಿಸಬಹುದಾ?

ಹಳೇ ರೆಕಾರ್ಡು
ಈಗ ಮಂಗಳೂರು. ಜೆಪ್ಪು ಹೆಂಚಿನವರು ಬಾಸೆಲ್ ಮಿಶನ್‌ನವರು ಅಂತ ಹೆಸರಲ್ಲೇ ಗೊತ್ತಾಯಿತು. 1834ರಲ್ಲಿ ಮೂವರು ಮಿಷನರಿಗಳು ಬಂದಿಳಿದರು. ಅಲ್ಲಿ ಅಧಿಕಾರ ಎಲ್ಲಿತ್ತು ಗೊತ್ತಾ? ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಕಮಿಟಿಯಲ್ಲಿ. ಮಿಷನರಿ ಮದುವೆಯಾಗಬೇಕಂದರೂ ಅಲ್ಲಿಂದ ಅಪ್ಪಣೆ ಬರಬೇಕು. ಎಷ್ಟೋ ಸಲ ಹೆಣ್ಣನ್ನು ನೋಡಿಯೇ ಇರುತ್ತಿರಲಿಲ್ಲ, ಹಡಗಿನಲ್ಲಿ ಬಂದಿಳಿದ ಮೇಲೇ ಪರಿಚಯ. ನಮ್ಮ ಕಡೆ ಬ್ರೋಕರ್ ಇರುತ್ತಾನೆ, ಅವರಿಗೆ ಕಮಿಟಿ ಇತ್ತು!

1844ರಲ್ಲಿ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದು ಹೆರ್ಮನ್ ಆನಂದರಾವ್ ಕೌಂಡಿನ್ಯ ಆದರು. ಬಾಸೆಲ್‌ಗೇ ಹೋಗಿ ಓದಿ 1851ರಲ್ಲಿ ಪಾದ್ರಿ ದೀಕ್ಷೆ ಪಡೆದು ಬಂದರು. ಜರ್ಮನ್ನರ ಸಾಲಿನಲ್ಲಿ ಒಬ್ಬ ಮಂಗಳೂರಿಗ! ಆದರೆ ಅಂಥವರು ಎಷ್ಟು ಜನ? ಉಪದೇಶಿಗಳು, ಹಿರಿಯರು ಎಲ್ಲ ಊರಿನವರೇ. ಮೇಲಿನ ಕುರ್ಚಿ ಮಾತ್ರ ಬಿಳಿಯರದು. 1914ರ ಯುದ್ಧ ಬಂದು ಜರ್ಮನ್ ಮಿಷನರಿಗಳನ್ನು ಬ್ರಿಟಿಷರು ಹಿಡಿದಿಟ್ಟು ಆಮೇಲೆ ವಾಪಸ್ ಕಳಿಸಿದಾಗ, ಸಭೆಯ ಭಾರ ಹೊರುವವರು ನಮ್ಮವರಲ್ಲೂ ಇದ್ದಾರೆ ಅಂತ ಎಲ್ಲರಿಗೂ ಕಂಡಿತು.

ಇದನ್ನೇ 1910ರಲ್ಲಿ ಎಡಿನ್‌ಬರೋ ಸಮ್ಮೇಳನದಲ್ಲಿ ವಿ. ಎಸ್. ಅಜರಯ್ಯ ಮಿಷನರಿಗಳ ಮುಖಕ್ಕೇ ಹೇಳಿದರು. ನೀವು ತುಂಬ ತ್ಯಾಗ ಮಾಡಿದಿರಿ, ನಮಗೆ ಸ್ನೇಹಿತರನ್ನೂ ಕೊಡಿ ಅಂತ. ಎರಡು ವರ್ಷಕ್ಕೆ ಅವರೇ ದೋರ್ನಕಲ್‌ನ ಬಿಷಪ್, ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್.

ಜೆಪ್ಪು ಹೆಂಚು
ಇಷ್ಟು ನನಗೇ ಗೊತ್ತಿರಲಿಲ್ಲ. ನಮ್ಮ ಮುತ್ತಜ್ಜ ಹೆಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿ. ಮಿಶನ್ನೇ ಕೆಲಸ ಕೊಟ್ಟದ್ದು, ಮಿಶನ್ನೇ ಮನೆ ಕೊಟ್ಟದ್ದು. 'ಕುಡಿದು ಸಿಕ್ಕಿಬಿದ್ದರೆ ಕರ್ತನ ಭೋಜನವೂ ಇಲ್ಲ, ಕೂಲಿಯೂ ಇಲ್ಲ' ಅಂತ ಅಜ್ಜಿ ಹೇಳುತ್ತಿದ್ದರು. ಸಭಾಪಾಲಕರೂ ಧಣಿಯೂ ಒಬ್ಬರೇ ಆದರೆ ಎದುರು ಮಾತಾಡುವುದು ಹೇಗೆ.

ಸುಗ್ಗಿಹಬ್ಬ
ಗಂಡಸರೆಲ್ಲ ಸೇರಿ ಪೌಲನಿಂದ ಪೋಪ್‌ವರೆಗೆ ಮಾತಾಡಿದಿರಿ. ನಾನೊಂದು ಕೇಳಲಾ? ಬೆಣ್ಣೆದೋಸೆಯವರ ಕಾಣಿಕೆ ಮೇಜಿನ ಸುತ್ತ ಹೆಂಗಸರು ಯಾರಾದರೂ ಇದ್ದರಾ?

ನಮ್ಮ ಸಭೆಯಲ್ಲಿ ಸುಗ್ಗಿ ಹಬ್ಬಕ್ಕೆ ಮಹಿಳಾ ಅನ್ಯೋನ್ಯ ಕೂಟದವರು ರಾತ್ರಿಯೆಲ್ಲ ಹೋಳಿಗೆ, ಚಕ್ಕುಲಿ ಮಾಡುತ್ತೇವೆ. ಹರಾಜಿನಲ್ಲಿ ಒಂದು ಕುಂಬಳಕಾಯಿ ಎರಡು ಸಾವಿರಕ್ಕೆ ಹೋಗುತ್ತದೆ. ಕೂಗುವವರು ಗಂಡಸರು, ಬರೆದುಕೊಳ್ಳುವವರು ಗಂಡಸರು, ಆ ದುಡ್ಡಲ್ಲಿ ಏನು ಮಾಡಬೇಕು ಅಂತ ಹೇಳುವವರೂ ಅವರೇ. ಸಿಎಸ್‌ಐನಲ್ಲಿ 1976ರಲ್ಲೇ ಮೊದಲ ಹೆಂಗಸಿಗೆ ಪಾದ್ರಿ ದೀಕ್ಷೆ ಆಯಿತು. 2013ರಲ್ಲಿ ನಂದ್ಯಾಲದಲ್ಲಿ ಪುಷ್ಪಲಲಿತ ಅವರು ಬಿಷಪ್ ಆದರು. ಕಾಗದದಲ್ಲಿ ಎಲ್ಲ ಬಾಗಿಲೂ ತೆರೆದಿದೆ. ನಮ್ಮ ಊರಿನ ಕಮಿಟಿಯಲ್ಲಿ ಮಾತ್ರ ಹೆಂಗಸು ಎದ್ದು ನಿಂತರೆ 'ಕಾಫಿ ಆಯ್ತಾಮ್ಮ?' ಅಂತ ಕೇಳುತ್ತಾರೆ.

ಕಾರ್ಕಳದ ವಾಳೆ
ನಮ್ಮಲ್ಲಿ ಬಾಗಿಲು ಕಾಗದದಲ್ಲೂ ತೆರೆದಿಲ್ಲ ಅಕ್ಕ. 2023ರ ಅಕ್ಟೋಬರಿನಲ್ಲಿ ರೋಮಿನ ಸಿನೊಡ್‌ನಲ್ಲಿ ಮೊದಲ ಸಲ ಹೆಂಗಸರು ಮತ ಹಾಕಿದರು. ನಾನು ಅಮ್ಮನಿಗೆ ಹೇಳಿದರೆ, 'ಮತ ಹಾಕಲಿ, ನಮ್ಮ ಫಾದರಿಗೆ ಪ್ರಸಂಗ ಹತ್ತು ನಿಮಿಷಕ್ಕೆ ಮುಗಿಸೋಕೆ ಹೇಳೋ ಮತ ಇದ್ದರೆ ಹೇಳು' ಅಂದರು.

ಸ್ತೋತ್ರಗಾನ
ಇದು ವಿಷಯಾಂತರ. 1 ತಿಮೊಥೆ 2ರಲ್ಲಿ ಹೆಂಗಸು ಮೌನವಾಗಿರಲಿ ಅಂತ...

ಸುಗ್ಗಿಹಬ್ಬ
ರೋಮಾಪುರ 16 ಮೊದಲು. ಅಲ್ಲಿ ಪೌಲ ಹೇಳುವ ಕೆಂಖ್ರೆ ಸಭೆಯ ಸೇವಕಿ ಫೊಯಿಬೆ. ಆಮೇಲೆ ನಿಮ್ಮ ತಿಮೊಥೆ.

ನಿರ್ವಾಹಕ
ಈ ವಿಷಯಕ್ಕೆ ಈಗಾಗಲೇ ಬೇರೆ ಥ್ರೆಡ್ ಇದೆ, ನಾನೂರು ಉತ್ತರ ದಾಟಿದೆ. ಅಲ್ಲಿಗೆ ಹೋಗಿ ದಯವಿಟ್ಟು.

ದುಬೈ ಡ್ಯೂಟಿ
ನಮ್ಮ ಕಥೆ ಬೇರೆ. ಇಲ್ಲಿ ಕನ್ನಡ ಆರಾಧನೆಗೆ ಒಂದು ಹಾಲ್ ಎರಡು ಗಂಟೆಗೆ ಸಿಗುತ್ತದೆ. ನಮ್ಮ ಹಿಂದೆ ಮಲಯಾಳಿ ಸಭೆಯವರು ಬಾಗಿಲಲ್ಲಿ ನಿಂತಿರುತ್ತಾರೆ. ಪಾಸ್ಟರ್ ಇಲ್ಲ. ಒಬ್ಬರು ಎಲೆಕ್ಟ್ರಿಷಿಯನ್, ಒಬ್ಬರು ಅಕೌಂಟೆಂಟ್, ಒಬ್ಬರು ನರ್ಸ್, ಸರದಿಯಲ್ಲಿ ನಡೆಸುತ್ತೇವೆ. ವೀಸಾ ಮುಗಿದರೆ ಹಿರಿಯತನವೂ ಮುಗೀತು. ಹದಿನೈದು ವರ್ಷದಲ್ಲಿ ಒಬ್ಬರೂ ಕುರ್ಚಿಗೆ ಅಂಟಿಕೊಂಡಿಲ್ಲ. ಅಂಟಿಕೊಳ್ಳೋಕೆ ಕುರ್ಚಿಯೂ ಬಾಡಿಗೆಯದು.

ಬಳ್ಳಾರಿ ಬಿಸಿಲು
ಊರಿನಲ್ಲಿ ಉಲ್ಟಾ. ಫ್ಲೆಕ್ಸ್ ನೋಡಿದ್ದೀರಾ? ಮೊದಲು ಬ್ರದರ್, ಆಮೇಲೆ ಪಾಸ್ಟರ್, ಆಮೇಲೆ ರೆವರೆಂಡ್, ಈಗ 'ಬಿಷಪ್ ಡಾ. ಅಪೊಸ್ತಲ'. ಸಭೆ ಅದೇ ನಲವತ್ತು ಜನ. ಪೌಲ ತನ್ನನ್ನು ದಾಸ ಅಂತ ಕರೆದುಕೊಂಡ, ಪಾಪ ಅವನಿಗೆ ಫ್ಲೆಕ್ಸ್ ಪ್ರಿಂಟಿನವರು ಸಿಗಲಿಲ್ಲ.

ಕಪ್ಪು ಕೋಟು
ಪಾಸ್ಟರ್ ಮಗ ಮುಂದಿನ ಪಾಸ್ಟರ್ ಆಗುವ ವಿಷಯವೂ ಬರಲಿ. ನನ್ನ ಹತ್ತಿರ ಬರುವ ಸಭಾ ಜಗಳಗಳಲ್ಲಿ ಅರ್ಧ ಅದೇ.

ಹಾರ್ಮೋನಿಯಂ ಮೇಷ್ಟ್ರು
ಅದಕ್ಕೂ ಸಮುವೇಲನೇ ಸಾಕ್ಷಿ, ಆದರೆ ಈ ಸಲ ಅವನ ವಿರುದ್ಧ. ಅಷ್ಟು ಚೆನ್ನಾಗಿ ಲೆಕ್ಕ ಒಪ್ಪಿಸಿದವನು ತನ್ನ ಇಬ್ಬರು ಮಕ್ಕಳನ್ನು ನ್ಯಾಯಾಧಿಪತಿ ಮಾಡಿದ. ಅವರು ಲಂಚ ತಿಂದರು. ನಮಗೆ ಅರಸ ಬೇಕು ಅಂತ ಜನ ಕೂಗಿದ್ದು ಅಲ್ಲಿಂದಲೇ. 1 ಸಮುವೇಲ 8.

ಬೆಣ್ಣೆದೋಸೆ_87
ಎರಡು ವಾರ ಆಯಿತು, ಏನಾಯಿತು ಅಂತ ಬರೆಯುತ್ತೇನೆ.

ಅಯ್ಯನವರ ಮಗಳು ಅಕ್ಕ ಕೇಳಿದ್ದು ತಲೆಯಲ್ಲೇ ಇತ್ತು. ಇಸಿ ತೆಗೆಸಿದೆ. ಸೈಟು ಪಾಸ್ಟರ್ ಹೆಸರಲ್ಲೇ ಇದೆ. ಈ ಸಲ ಒಬ್ಬನೇ ಹೋಗಲಿಲ್ಲ. ಅಪ್ಪನ ಜೊತೆ ಸಹಿ ಹಾಕುತ್ತಿದ್ದ ಹಿರಿಯರನ್ನು, ಇನ್ನೊಬ್ಬರು ನಿವೃತ್ತ ಟೀಚರಮ್ಮನನ್ನು ಕರೆದುಕೊಂಡು ಹೋದೆ. ಅಮ್ಮ ನಾನೂ ಬರುತ್ತೇನೆ ಅಂದರು. ಬೇಡ ಅಂದರೂ ಬಂದರು. ಕೈಯಲ್ಲಿ ಚೀಲ.

ನಾನು ಮೊದಲು ಕೇಳಿದ್ದು 'ನಿಮಗೆ ಈಗ ಸಂಬಳ ಎಷ್ಟು' ಅಂತ. ಪಾಸ್ಟರ್ ನಕ್ಕರು. ಅಪ್ಪ ನಿಗದಿ ಮಾಡಿದ ಎಂಟು ಸಾವಿರವೇ ಇನ್ನೂ. ಯಾರೂ ಏರಿಸಿಲ್ಲ. ಹಾಗಾಗಿ ಕಾಣಿಕೆಯಿಂದ ಮನೆ ಖರ್ಚಿಗೂ ತೆಗೆಯುತ್ತಿದ್ದೆವು ಅಂದರು, ತಲೆ ತಗ್ಗಿಸಿ. ಸಭೆಗೆ ನೋಂದಣಿ ಇಲ್ಲದ್ದರಿಂದ ಬ್ಯಾಂಕಿನವರು ಸಭೆಯ ಹೆಸರಲ್ಲಿ ಖಾತೆ ಕೊಡಲಿಲ್ಲವಂತೆ. ಅದಕ್ಕೆ ಹೆಂಡತಿಯ ಖಾತೆ. ಪಾಸ್ಟರಮ್ಮ ಒಳಗಿಂದ ಪಾಸ್‌ಬುಕ್ ತಂದು ಮೇಜಿನ ಮೇಲೆ ಇಟ್ಟರು, ಸ್ವಲ್ಪ ಜೋರಾಗಿಯೇ. ಭಾಮೈದ ಮಾತ್ರ ಬಾಗಿಲಲ್ಲಿ ನಿಂತು, 'ಇವರೇನು ಇನ್ಕಮ್ ಟ್ಯಾಕ್ಸಾ?' ಅಂದ. ಕಟ್ಟಡ ನಿಧಿಯಲ್ಲಿ ಸುಮಾರು ಎಪ್ಪತ್ತು ಸಾವಿರಕ್ಕೆ ಚೀಟಿ ಇಲ್ಲ. ಅದು ಇನ್ನೂ ಬಗೆಹರಿದಿಲ್ಲ. ಸಂಘ ನೋಂದಣಿಗೆ ಒಪ್ಪಿದ್ದಾರೆ. ಸೈಟು ಸಂಘಕ್ಕೆ ಬರೆದುಕೊಡುವ ಮಾತಿಗೆ 'ಪ್ರಾರ್ಥನೆ ಮಾಡಿ ಹೇಳುತ್ತೇನೆ' ಅಂದರು.

ಅಷ್ಟರಲ್ಲಿ ಅಮ್ಮ ಚೀಲದಿಂದ ಅಪ್ಪನ ಕೆಂಪು ಪುಸ್ತಕ ತೆಗೆದರು. ನನಗೆ ಅದು ಮನೆಯಲ್ಲಿದೆ ಅಂತಲೇ ಗೊತ್ತಿರಲಿಲ್ಲ. ಕೊನೆ ಪುಟದಲ್ಲಿ ಅರ್ಧ ಖಾಲಿ. 'ಅಯ್ಯನವರೇ, ನನಗೆ ಸೈಟು ಗೊತ್ತಾಗಲ್ಲ, ಸಂಘ ಗೊತ್ತಾಗಲ್ಲ. ಹಲಗೆ ಮೇಲೆ ಬರೆಯುವುದನ್ನು ಯಾಕೆ ನಿಲ್ಲಿಸಿದಿರಿ?' ಅಂದರು. ಅವರ ಬಾಯಲ್ಲಿ ಉತ್ತರ ಬರಲಿಲ್ಲ.

ಕಪ್ಪು ಕೋಟು
'ಪ್ರಾರ್ಥನೆ ಮಾಡಿ ಹೇಳುತ್ತೇನೆ' ಅನ್ನುವುದಕ್ಕೆ ಒಂದು ದಿನಾಂಕ ಹಾಕಿಸಿಕೊಳ್ಳಿ. ಸೈಟು ವರ್ಗಾವಣೆಗೆ ದಾನಪತ್ರ ಮಾಡಿಸುವಾಗ ಮುದ್ರಾಂಕ ಶುಲ್ಕ ಬರುತ್ತದೆ. ಅದಕ್ಕೂ ದುಡ್ಡು ಎತ್ತಿಡಿ. ಬೈಲಾ ಕರಡು ಬೇಕಾದರೆ ಖಾಸಗಿಯಾಗಿ ಮೆಸೇಜ್ ಮಾಡಿ, ಫೀಸು ಬೇಡ.

ಅಯ್ಯನವರ ಮಗಳು
ಸಂಬಳ ಏರಿಸಿದಿರಾ?

ಬೆಣ್ಣೆದೋಸೆ_87
ಮುಂದಿನ ಭಾನುವಾರ ಸಭೆಯ ಮುಂದೆ ಇಡುತ್ತೇವೆ ಅಕ್ಕ. ಹದಿನಾಲ್ಕು ಸಾವಿರ ಅಂತ ಟೀಚರಮ್ಮ ಬರೆದಿದ್ದಾರೆ. ಕಾಣಿಕೆ ಎಣಿಸುವ ಇಬ್ಬರಲ್ಲಿ ಅವರೂ ಒಬ್ಬರು.

ಸುಗ್ಗಿಹಬ್ಬ
ಟೀಚರಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಸ್ತೋತ್ರಗಾನ
ನಾನು ನನ್ನ ಮಾತಿಗೆ ಈಗಲೂ ನಿಲ್ಲುತ್ತೇನೆ, ಎಲ್ಲರ ಮುಂದೆ ಗಲಾಟೆ ಮಾಡದೆ ಮನೆಗೆ ಹೋಗಿ ಕೇಳಿದ್ದು ಒಳ್ಳೆಯದಾಯಿತು. ಆ ಎಪ್ಪತ್ತು ಸಾವಿರದ ವಿಷಯ ಮಾತ್ರ ಬಿಡಬೇಡಿ.

ಮಂದೆಯ ಕುರಿ
ಸ್ತೋತ್ರಗಾನ ಬ್ರದರ್ ಬಾಯಲ್ಲಿ ಈ ಮಾತು! ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ.

ಬಳ್ಳಾರಿ ಬಿಸಿಲು
ಹಲಗೆಗೆ ಸುಣ್ಣದ ಕಡ್ಡಿ ಡಬ್ಬಿ ನನ್ನ ಕಡೆಯಿಂದ. ಕೊರಿಯರ್ ಮಾಡ್ತೀನಿ, ವಿಳಾಸ ಖಾಸಗಿಯಾಗಿ ಕಳಿಸಿ.

ಬೆಣ್ಣೆದೋಸೆ_87
ಬೇಡ ಅಣ್ಣಾ, ಅಮ್ಮ ಆಗಲೇ ತಂದಿಟ್ಟಿದ್ದಾರೆ. ಹತ್ತು ರೂಪಾಯಿ. ರಸೀದಿ ಇಸ್ಕೊಂಡು ಬಂದಿದ್ದಾರೆ.